ಗುಮ್ಮಟನ ಕೊರಳಿನ ಸಂಚಿ

ನಾನು ರಾಟ್‌ವೈಲರ್ ಮರಿಯೊಂದನ್ನು ವಿಜಯಪುರದ ಮನೆಗೆ ತಂದ ಸುದ್ದಿ ಮುಟ್ಟಿದ ಕೂಡಲೇ ಮುಧೋಳದಿಂದ ಮಾವನವರ ಫೋನು ಬಂದಿತು. “ಏನ್ರಿ ಅಳಿಯಾರ, ಹೆಣ್ಣು ತರಾಕ ಮುಧೋಳ ಬೇಕಾತು, ನಾಯಿ ತರಾಕ ಜರ್ಮನಿ ಬೇಕಾತೇನ್ರಿ?”

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಅವರೂರಿನ ಬೇಟೆನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿಯೇ ಹೊರಬಂದಿದೆ. ಆದರೆ ಮುಧೋಳ ನಾಯಿ ಓಡುವ ನಾಯಿ. ಅದರ ಹಿಂದೆ ಓಡುವುದಕ್ಕೆ ನನ್ನ ಹೊಟ್ಟೆ ಒಪ್ಪುವುದಿಲ್ಲ. ನನಗೆ ಬೇಕಾಗಿದ್ದುದು ಕುಳಿತಲ್ಲಿಯೇ ಕಳ್ಳರನ್ನು ಹೆದರಿಸುವಂಥದ್ದು. ತಂದ ಮರಿಯ ತಲೆ ನಾಲ್ಕೇ ತಿಂಗಳಲ್ಲಿ ಗೋಳಗುಮ್ಮಟದ ಆಕಾರಕ್ಕೆ ತಿರುಗಿದ್ದರಿಂದ ಅದಕ್ಕೆ ಗುಮ್ಮಟ ಎಂದೇ ಹೆಸರಾಯಿತು.

ಮಾವನವರಿಗೆ ಉತ್ತರ ಕೊಡಲೆಂದು ಅವನ ಮನೆತನದ ಚರಿತ್ರೆಯನ್ನು ಓದಿಕೊಂಡೆ. ರೋಮನ್ ಸೈನ್ಯದ ಆಹಾರಕ್ಕಾಗಿ ಸಾಗಿಸುತ್ತಿದ್ದ ದನಗಳನ್ನು ಕಾಯುತ್ತ ಬಂದ ನಾಯಿಗಳ ಸಂತಾನವೆಂದು ಹೇಳಲಾಗುವ ಈ ತಳಿ, ನೆಕ್ಕರ್ ನದಿಯ ದಂಡೆಯ ರಾಟ್‌ವೈಲ್ ಎಂಬ ಸಂತೆಯೂರಿನಲ್ಲಿ ನೆಲೆನಿಂತು, ಕಟುಕರ ದನಗಳನ್ನು ಭುಜದಿಂದ ನೂಕಿ ದಾರಿಗೆ ಹಚ್ಚುತ್ತ, ಮಾಂಸದ ಗಾಡಿಯನ್ನೂ ಎಳೆಯುತ್ತಿತ್ತು. ಮುಂದೆ ದನಗಳು ರೈಲು ಹತ್ತಿದ ಮೇಲೆ ಕೆಲಸ ತಪ್ಪಿ, ತಳಿಯೇ ಅಳಿಯುವ ಹೊತ್ತಿಗೆ ಪೊಲೀಸರ ಕಣ್ಣಿಗೆ ಬಿದ್ದು, 1910ರಲ್ಲಿ ಅಲ್ಲಿ ಅಧಿಕೃತ ಪೊಲೀಸ್ ನಾಯಿಯಾಯಿತು. ಸಂತೆ ಮುಗಿಸಿದ ಕಟುಕರು ಕಳ್ಳರ ಭಯಕ್ಕೆ ರೊಕ್ಕದ ಸಂಚಿಯನ್ನು ಇದರ ಕೊರಳಿಗೇ ಕಟ್ಟಿ ಮನೆಗೆ ಮರಳುತ್ತಿದ್ದರೆಂಬ ಮಾತು ನನಗೆ ಬಹಳ ಹಿಡಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಗುಮ್ಮಟನಿಗೆ ಒಂದೂವರೆ ವರ್ಷವಾದಾಗ, ಒಂದು ಮುಂಜಾನೆ ಬಟ್ಟೆಯ ಸಂಚಿಯಲ್ಲಿ ಮುನ್ನೂರು ರೂಪಾಯಿ ಹಾಕಿ ಅವನ ಕೊರಳಿಗೆ ಗಂಟು ಬಿಗಿದು ಕಾಯಿಪಲ್ಲೆ ಸಂತೆಗೆ ಹೊರಟೆ. ಎರಡು ಸಿವುಡು ಮೆಂತೆ ಆರಿಸಿದ ಮೇಲೆ, ಮಾರುವ ಮುದುಕಿಗೆ, “ರೊಕ್ಕ ಇದರ ಕೊಳ್ಳಾಗ ಐತಿ, ತಗೋಬೇ” ಎಂದೆ. ಗುಮ್ಮಟ ಎದುರಿಗೆ ಕುಳಿತು ನಾಲಿಗೆ ಇಳಿಬಿಟ್ಟ. ಜೊಲ್ಲು ದಾರವಾಗಿ ಇಳಿದು ಕೊತ್ತಂಬರಿಯ ಮೇಲೆ ಬಿದ್ದಿತು. ಮುದುಕಿ ಸಂಚಿಯನ್ನು ನೋಡಿದಳು, ಹಲ್ಲುಗಳನ್ನು ನೋಡಿದಳು, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಯಪ್ಪಾ, ರೊಕ್ಕ ಬ್ಯಾಡ. ಮೆಂತೆನೂ ಒಯ್ಯಿ, ಬುಟ್ಟಿನೂ ಒಯ್ಯಿ, ಅದನ್ನಟ ಮುಂದ ಕರಕೊಂಡು ಹೋಗು!”

ನಾನೇ ಬಿಚ್ಚೋಣವೆಂದರೆ ಜೊಲ್ಲಿನಲ್ಲಿ ನೆಂದ ಗಂಟು ಹುರಿಗಟ್ಟಿ ಕುಳಿತಿತ್ತು. ನಡುಬೀದಿಯಲ್ಲಿ ಮೊಣಕಾಲೂರಿ ನಾಯಿಯ ಕೊರಳನ್ನು ಹಲ್ಲಿನಿಂದ ಕಚ್ಚುತ್ತಿದ್ದ ನನ್ನನ್ನು ಜನ ಏನೆಂದು ತಿಳಿದರೋ ಕಾಣೆ. ಅಕ್ಕಪಕ್ಕದವರು ಕೇಳದೆಯೇ ಬದನೆಕಾಯಿ, ಟೊಮೆಟೊ, ಸವತೆಕಾಯಿಗಳನ್ನು ನನ್ನ ಚೀಲಕ್ಕೆ ಸುರಿದರು. ಹಿಂದಿನಿಂದ ಯಾರೋ, “ಈ ಸಲ ಹಫ್ತಾಕ್ಕ ನಾಯಿ ತಂದಾರ ನೋಡ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಹೆಂಡತಿ ಮನೆಯಲ್ಲಿ ಕತ್ತರಿಯಿಂದ ಸಂಚಿಯನ್ನು ಕತ್ತರಿಸಿ ತೆಗೆದು, ನನ್ನೊಬ್ಬನನ್ನೇ ಮರಳಿ ಅಟ್ಟಿ, ಎಲ್ಲರ ಬಾಕಿಯನ್ನೂ ತೀರಿಸಿದಳು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿಯೆಂದು 23 ತಳಿಗಳ ಮೇಲೆ ಹೊರಡಿಸಿದ ಸುತ್ತೋಲೆಯಲ್ಲಿ ಇವನ ಕುಲದ ಹೆಸರೂ ಇದ್ದುದನ್ನು ಎದುರುಮನೆಯವರು ಪೇಪರು ತಂದು ತೋರಿಸಿದ್ದರು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದುಪಡಿಸಿದ ದಿನದ ಪೇಪರನ್ನು ಮಾತ್ರ ಅವರು ತರಲಿಲ್ಲ.

ನಿಜವಾದ ಅಪಾಯವಿದ್ದುದು ಅಡುಗೆಮನೆಯಲ್ಲಿ. ಗಂಡು ರಾಟ್‌ವೈಲರ್ ಸುಮಾರು 50 ಕಿಲೋ ತೂಗಬೇಕು. ನಮ್ಮವ್ವ ಕದ್ದುಮುಚ್ಚಿ ತಿನ್ನಿಸಿದ ತುಪ್ಪದ ರೊಟ್ಟಿಯ ದೆಸೆಯಿಂದ ಗುಮ್ಮಟ 58ಕ್ಕೆ ಏರಿದ್ದ. ಪಶುವೈದ್ಯರು ಪಕ್ಕೆಲುಬುಗಳನ್ನು ಬೆರಳಿನಿಂದ ಬಹಳ ಹೊತ್ತು ಹುಡುಕಿ, ಈ ತಳಿಗೆ ಮೊದಲೇ ಸೊಂಟದ ಕೀಲಿನ ದೋಷ ಬರುವುದುಂಟು, ಮೇಲಿಂದ ಈ ಭಾರ ಬೇರೆ ಎಂದು ಬೈದು, ಅಳತೆಯ ಊಟವನ್ನು ಎರಡು ಹೊತ್ತಿಗೆ ಹಂಚಿ ಕೊಡಲು ಹೇಳಿದರು. ಬೈಯುವಾಗ ಅವರು ನನ್ನ ಹೊಟ್ಟೆಯನ್ನು ನೋಡುವ ಅಗತ್ಯವಿರಲಿಲ್ಲ. ಕಪ್ಪು ಮೈಗೆ ನಮ್ಮೂರಿನ ಮೇ ತಿಂಗಳ ಬಿಸಿಲು ತಡೆಯದಾದ್ದರಿಂದ ತಿರುಗಾಟವನ್ನು ಬೆಳಗಿನ ಐದಕ್ಕೇ ಮುಗಿಸುತ್ತೇವೆ. ಮಧ್ಯಾಹ್ನ ನನ್ನ ಕೂಲರಿನ ಮುಂದೆ ಅವನು ಮಲಗುತ್ತಾನೆ; ಅವನ ಹಿಂದೆ ಸುಳಿದು ಬರುವ ಅಷ್ಟಿಷ್ಟು ಗಾಳಿ ನನ್ನ ಪಾಲಿನದು.

ದನಗಳಿಲ್ಲದ ಮನೆಯಲ್ಲಿ ಅವನ ರಕ್ತದ ಕಸುಬು ಎಲ್ಲಿ ಹೋಗಬೇಕು? ಸತ್ಯನಾರಾಯಣ ಪೂಜೆಯ ದಿನ ಎಪ್ಪತ್ತು ಜನ ನೆಂಟರು ಓಣಿಯಲ್ಲಿ, ಅಟ್ಟದ ಮೇಲೆ, ಬೇವಿನ ಗಿಡದ ಕೆಳಗೆ ಚದುರಿ ಹರಟುತ್ತಿದ್ದಾಗ ಯಾರೋ ಹಿತ್ತಿಲ ಬಾಗಿಲು ತೆರೆದರು. ಗುಮ್ಮಟ ಬೊಗಳಲಿಲ್ಲ, ಕಚ್ಚಲಿಲ್ಲ. ಒಬ್ಬೊಬ್ಬರ ಹಿಂದೆ ಹೋಗಿ ಭುಜ ಕೊಟ್ಟು ಮೆಲ್ಲನೆ ನೂಕತೊಡಗಿದ. ಹತ್ತು ನಿಮಿಷದಲ್ಲಿ ಅಷ್ಟೂ ಜನ ಪಡಸಾಲೆಯಲ್ಲಿ ಒತ್ತೊತ್ತಾಗಿ ಕುಳಿತಿದ್ದರು. ನಲವತ್ತು ವರ್ಷಗಳಿಂದ ಕಥೆ ಓದುತ್ತಿರುವ ಆಚಾರ್ಯರು, ಐದನೆಯ ಅಧ್ಯಾಯಕ್ಕೆ ಇಷ್ಟು ಜನರನ್ನು ತಾವು ಕಂಡಿರಲಿಲ್ಲವೆಂದು ಕಣ್ಣೊರೆಸಿಕೊಂಡರು.

ಎಲ್ಲರಿಗಿಂತ ಕೊನೆಗೆ, ಅಡುಗೆಮನೆಯ ಕಡೆಯಿಂದ, ಕೈಯಲ್ಲಿ ಅರ್ಧ ಶೇಂಗಾ ಹೋಳಿಗೆ ಹಿಡಿದುಕೊಂಡೇ ಮಾವನವರು ಹಿಮ್ಮುಖವಾಗಿ ನಡೆದುಬಂದರು.