ಸ್ವಯಂಸೇವಕರು ಬೇಕು, ಸರಿ. ಯಾವ ಕೆಲಸಕ್ಕೆ?

ಕಲಬುರಗಿಯಲ್ಲಿ ಯಾವ ಸಂಘ-ಸಂಸ್ಥೆಯವರನ್ನು ಮಾತಾಡಿಸಿದರೂ ಒಂದೇ ಗೋಳು. 'ಈಗಿನ ಹುಡುಗರಿಗೆ ಸೇವಾ ಬ್ಯಾಡಾಗ್ಯದರಿ, ಒಂದಿನ ಬರ್ತಾರ, ಮರುದಿನ ಫೋನೇ ಎತ್ತಂಗಿಲ್ಲ.' ಸರಿ, ಬಂದ ಆ ಒಂದು ದಿನ ನೀವು ಅವರಿಂದ ಏನು ಮಾಡಿಸಿದಿರಿ? ಖುರ್ಚಿ ಹಾಕೋದು, ಬ್ಯಾನರ್ ಕಟ್ಟೋದು, ಸಾಹೇಬರ ಕಾರು ಬರೋವರೆಗೆ ಬಿಸಿಲಲ್ಲಿ ಸಾಲಾಗಿ ನಿಲ್ಲೋದು, ಕೊನೆಗೊಂದು ಗ್ರೂಪ್ ಫೋಟೋ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ನಾನಾದರೂ ಫೋನ್ ಎತ್ತಲ್ಲ.

ಒಂದು ಮಹಿಳಾ ಸಮಾವೇಶದಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಹಿರಿಯರೊಬ್ಬರು ನೀರಿನ ಬಾಟಲಿ ಹಂಚುತ್ತಿದ್ದರು. ಅದೇ ಪೆಂಡಾಲಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಾಲದ ಫಾರ್ಮ್ ಹಿಡಿದು, ಯಾರನ್ನು ಕೇಳೋದು ಅಂತ ಗೊತ್ತಾಗದೆ ಕೂತಿದ್ದರು. 'ಕಾಕಾ, ನಿಮಗೇನು ಬರ್ತದರಿ?' ಅಂತ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಕಾಲೇಜು ಮಕ್ಕಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಥೆಯೂ ಇದೇ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ ಶುರುವಾದದ್ದು. ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಕೊಡಬೇಕು. ನೂರು ಮಕ್ಕಳ ಒಂದು ಯೂನಿಟ್ ಅಂದರೆ 24,000 ಗಂಟೆ! ಅದರಲ್ಲಿ ಎಷ್ಟೋ ಗಂಟೆ ಗುಡಿಸಿದ ಆವರಣವನ್ನೇ ಮತ್ತೆ ಗುಡಿಸೋದರಲ್ಲಿ, ರಿಜಿಸ್ಟರ್ ತುಂಬಿಸೋದರಲ್ಲಿ ಹೋಗುತ್ತೆ.

ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರ್, ಅಂದರೆ ಬಂದವರಿಗೆಲ್ಲ ಪುಕ್ಕಟೆ ಊಟ ಹಾಕುವ ಅಡುಗೆಮನೆ ನೋಡಿ. ಚಪಾತಿ ಲಟ್ಟಿಸೋದು, ಬಡಿಸೋದು, ತಟ್ಟೆ ತೊಳೆಯೋದು. ಭಾಷಣ ಬೇಕಿಲ್ಲ, ನೀವು ತೊಳೆದ ತಟ್ಟೆಯಲ್ಲೇ ಸ್ವಲ್ಪ ಹೊತ್ತಿಗೆ ಯಾರೋ ಊಟಕ್ಕೆ ಕೂರುತ್ತಾರೆ. ಆದರೆ ಎಲ್ಲ ಕೆಲಸವೂ ಹೀಗೆ ಬಂದು ಹೋಗಿ ಮಾಡುವಂಥದ್ದಲ್ಲ. ಮಕ್ಕಳಿಗೆ ಸಂಜೆ ಪಾಠ ಹೇಳಲು ಎರಡು ದಿನ ಬಂದು ಮಾಯವಾಗುವವರು ಬರದೇ ಇರೋದೇ ಒಳ್ಳೆಯದು.

ನನ್ನನ್ನು ಕೇಳಿದರೆ, ಮೊದಲು ಕೆಲಸವನ್ನು ಒಂದು ಹಾಳೆಯಲ್ಲಿ ಬರೆಯಿರಿ, ಆಮೇಲೆ ಜನರನ್ನು ಕರೆಯಿರಿ. ಸರಕಾರಿ ಆಸ್ಪತ್ರೆಯನ್ನೇ ತಗೊಳ್ಳಿ. ಚಿಂಚೋಳಿ, ಅಫಜಲಪುರ ಕಡೆಯಿಂದ ಬಂದ ಅಜ್ಜಿ ಚೀಟಿ ಹಿಡಿದು 'ಎಕ್ಸ್‌ರೇ ಎಲ್ಲಿ ತೆಗಿತಾರ ತಮ್ಮಾ?' ಅಂತ ಸಿಕ್ಕಸಿಕ್ಕವರನ್ನು ಕೇಳುತ್ತಿರುತ್ತಾಳೆ. ಅಲ್ಲೊಬ್ಬ ಹುಡುಗ ಬೇಕು. ವಾರಕ್ಕೆರಡು ದಿನ, ಬೆಳಿಗ್ಗೆ 9ರಿಂದ 12, ಮೂರು ತಿಂಗಳು. ಅಜ್ಜಿಯನ್ನು ಕೋಣೆವರೆಗೆ ಕರೆದುಕೊಂಡು ಹೋಗೋದು, ಜನ ಎಲ್ಲಿ ಜಾಸ್ತಿ ದಾರಿ ತಪ್ಪುತ್ತಾರೆ ಅಂತ ಬರೆದಿಡೋದು. ಬೋರ್ಡ್ ಎಲ್ಲಿ ಹಾಕಬೇಕು ಅಂತ ಅವನು ಹೇಳಿದರೆ ಅಲ್ಲೇ ಹಾಕಬೇಕು. ಈ ಮಾತು ಅನೇಕರಿಗೆ ಹಿಡಿಸಲ್ಲ. ಕೈ ಬೇಕು, ತಲೆ ಬೇಡ ಅನ್ನುವವರೇ ಜಾಸ್ತಿ.

ಹಾಗಂತ ಅದೇ ಹುಡುಗನಿಂದ ಸ್ಟ್ರೆಚರ್ ತಳ್ಳಿಸಬೇಡಿ. ಅದು ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ. ಸೇವೆ ಹೆಸರಲ್ಲಿ ಇನ್ನೊಬ್ಬರ ನೌಕರಿ ತಿನ್ನೋದು ಯಾವ ಪುಣ್ಯ?

ಇನ್ನು ಬಸ್ ಚಾರ್ಜು. ಶಕ್ತಿ ಯೋಜನೆ ಬಂದ ಮೇಲೆ, 2023ರಿಂದ, ಹುಡುಗಿಯರಿಗೆ ಸರಕಾರಿ ಬಸ್ಸು ಫ್ರೀ. ಆಳಂದದಿಂದ ಬರುವ ಹುಡುಗ ಮಾತ್ರ ಕೈಯಿಂದಲೇ ಟಿಕೆಟ್ ತಗೋಬೇಕು. ನಮ್ಮ ಕಾರ್ಯಕ್ರಮಗಳ ಖರ್ಚಿನ ಪಟ್ಟಿಯಲ್ಲಿ ಶಾಲು-ಹಾರಕ್ಕೆ ದುಡ್ಡು ಇದ್ದೇ ಇರುತ್ತೆ. ಮುಂದಿನ ಮೀಟಿಂಗಿನಲ್ಲಿ ಎರಡು ಶಾಲು ಕಡಿಮೆ ಮಾಡಿ, ಅವನ ಟಿಕೆಟ್ ಸೇರಿಸಿ ನೋಡೋಣ.