ಹಿಂದಿನ ಚಕ್ರ ನೆಲ ಬಿಟ್ಟಾಗ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಟ್ರ್ಯಾಕ್ಟರಿನ ಹಿಂದಿನ ಎಡ ಚಕ್ರ ನೆಲ ಬಿಟ್ಟು ಒಂದು ಗೇಣು ಮೇಲೆದ್ದದ್ದನ್ನು ಹತ್ತು ಮಾರು ದೂರದಲ್ಲಿ ನಿಂತು ನೋಡಿದೆ. ಅಂದಿನಿಂದ ಇದನ್ನು ಬರೆಯಬೇಕು ಎಂದುಕೊಳ್ಳುತ್ತಲೇ ಬಂದಿದ್ದೇನೆ. ಈಗ ಮತ್ತೆ ಕಾಲುವೆಗೆ ನೀರು ಬಿಡುವುದು ನಿಂತಿದೆ. ಕಾರಟಗಿ, ಗಂಗಾವತಿ, ಸಿಂಧನೂರು ಸೀಮೆಯಲ್ಲೆಲ್ಲ ಲೋಡರ್, ಅಂದರೆ ಮುಂದೆ ಬಕೆಟ್ ಇರುವ ಎತ್ತುವ ತೋಳು, ಕಟ್ಟಿದ ಟ್ರ್ಯಾಕ್ಟರುಗಳು ತಿಪ್ಪೆಗೊಬ್ಬರಕ್ಕೂ ಕೆರೆಮಣ್ಣಿಗೂ ಬೆಳಗಿನಿಂದ ಕತ್ತಲಾಗುವವರೆಗೆ ಓಡುತ್ತಿವೆ. ಇನ್ನು ತಡ ಮಾಡಬಾರದು ಎನಿಸಿತು.

ಅಂದು ನಾವು ಕೆರೆಯ ಹೂಳನ್ನು ಗದ್ದೆಗೆ ಹೊಡೆಯುತ್ತಿದ್ದೆವು. ಹೂಳಿನ ಗುಡ್ಡೆ ಉಪಕಾಲುವೆಯ ಏರಿಯ ಮೇಲೆ, ಗದ್ದೆ ಕೆಳಗೆ. ನಡುವೆ ಇಪ್ಪತ್ತು ಹೆಜ್ಜೆಯ ಇಳಿಜಾರು. ಡ್ರೈವರ್ ಹುಡುಗ ಚುರುಕಿನವನು, ಎಂಟು ವರ್ಷದಿಂದ ಟ್ರಾಲಿ ಹೊಡೆದವನು. ಬಕೆಟ್ ತುಂಬಿಕೊಂಡು, ಅದನ್ನು ಎದೆಯ ಮಟ್ಟಕ್ಕೆ ಎತ್ತಿ, ನೇರವಾಗಿ ಇಳಿದ. ಅರ್ಧ ದಾರಿಯಲ್ಲಿ ವೇಗ ಹೆಚ್ಚಾಯಿತೆಂದು ಬ್ರೇಕ್ ತುಳಿದ. ಹಿಂಭಾಗ ಹಗುರವಾಗಿ ಎದ್ದಿತು. ಬ್ರೇಕ್ ಹಿಡಿದಿದ್ದರಿಂದ ಆ ಚಕ್ರ ತಿರುಗುತ್ತಿರಲಿಲ್ಲ, ಟೈರಿನ ಹಲ್ಲುಗಳ ನಡುವಿನ ಹೆಂಟೆಗಳು ಒಂದೊಂದಾಗಿ ಕೆಳಗೆ ಉದುರುತ್ತಿದ್ದವು. ಆದರೂ ಟ್ರ್ಯಾಕ್ಟರ್ ಮುಂದಕ್ಕೆ ಜಾರುತ್ತಲೇ ಇತ್ತು. ಹುಡುಗನ ಕೈ ಅದೃಷ್ಟಕ್ಕೆ ಲಿವರಿನ ಮೇಲೆಯೇ ಇತ್ತು. ಬಕೆಟ್ ಇಳಿಸಿದ. ಅದು ನೆಲಕ್ಕೆ ಬಡಿದು ಮಣ್ಣಿನಲ್ಲಿ ಹೂತು ನಿಂತಿತು, ಹಿಂದಿನ ಚಕ್ರ ಧಡ್ಡೆಂದು ಕೆಳಗೆ ಕೂತಿತು.

ಇಳಿದು ಬಂದವನು ಒಂದೇ ಮಾತು ಹೇಳಿದ: “ಅಣ್ಣ, ಬ್ರೇಕ್ ತುಳಿದೇ ಇದ್ದೆ. ನಿಲ್ಲಲಿಲ್ಲ.”

ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಊರೆಲ್ಲ ಏನು ಹೇಳುತ್ತಿತ್ತು ಎಂಬುದು ನನಗೆ ಗೊತ್ತು. ಡ್ರೈವರನ ಅಜಾಗರೂಕತೆ ಎನ್ನುತ್ತಿತ್ತು. ನಾನು ಹೇಳುವುದು ಬೇರೆ. ತಪ್ಪು ನನ್ನದಾಗಿತ್ತು, ಮಾಲೀಕನದು. ಆ ಕೆಲಸಕ್ಕೆ ಎರಡು ದಿನ ಮೊದಲು ಹಿಂದೆ ಕಟ್ಟಿದ್ದ, ಮಣ್ಣು ಪುಡಿ ಮಾಡುವ ರೋಟಾವೇಟರ್ ಅನ್ನು ನಾನೇ ಬಿಚ್ಚಿಸಿದ್ದೆ. ಕಿರಿದಾದ ಜಾಗದಲ್ಲಿ ತಿರುಗಿಸಲು ಅಡ್ಡವಾಗುತ್ತದೆ, ಸುಮ್ಮನೆ ಡೀಸೆಲ್ ದಂಡ ಎಂಬ ಲೆಕ್ಕ ನನ್ನದು. ಸುಮಾರು ನಾಲ್ಕು ಕ್ವಿಂಟಲ್ ತೂಕದ ಆ ರೋಟಾವೇಟರೇ ಅಲ್ಲಿಯವರೆಗೆ ನಮ್ಮನ್ನು ಕಾಯುತ್ತಿತ್ತು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಲೋಡರ್ ಕಟ್ಟಿದ ಮೇಲೆ ಅದು ಹಳೆಯ ಟ್ರ್ಯಾಕ್ಟರ್ ಅಲ್ಲ. ಬಾವಿಯ ಏತವನ್ನು ನೆನಪಿಸಿಕೊಳ್ಳಿ. ಒಂದು ತುದಿ ಇಳಿದರೆ ಇನ್ನೊಂದು ಏಳುತ್ತದೆ. ಟ್ರ್ಯಾಕ್ಟರಿನಲ್ಲಿ ಆ ಏತದ ಕಂಬ ಮುಂದಿನ ಅಚ್ಚು (ಆಕ್ಸಲ್). ಬಕೆಟ್ ಅಚ್ಚಿಗಿಂತ ಮುಂದೆ ಚಾಚಿಕೊಂಡಿರುವುದರಿಂದ, ಅದರಲ್ಲಿ 100 ಕಿಲೋ ಇದ್ದರೆ ಮುಂದಿನ ಅಚ್ಚಿನ ಮೇಲೆ ಬೀಳುವುದು 100 ಕಿಲೋ ಅಲ್ಲ, ಅದಕ್ಕಿಂತ ಹೆಚ್ಚು. ಆ ಹೆಚ್ಚಿನ ಭಾರವೆಲ್ಲ ಹಿಂದಿನ ಚಕ್ರಗಳಿಂದ ಕಿತ್ತುಕೊಂಡದ್ದು. ನಮ್ಮಲ್ಲಿ ಸಾಮಾನ್ಯವಾಗಿ ಓಡುವ ಟೂ ವೀಲ್ ಡ್ರೈವ್ ಟ್ರ್ಯಾಕ್ಟರುಗಳಿಗೆ ಎಳೆಯುವ ಶಕ್ತಿ ಇರುವುದು ಹಿಂದಿನ ಚಕ್ರಗಳಲ್ಲಿ, ಬ್ರೇಕ್ ಇರುವುದೂ ಅಲ್ಲಿಯೇ. ಹಿಂದಿನ ಚಕ್ರ ನೆಲವನ್ನು ಒತ್ತದಿದ್ದರೆ ಬ್ರೇಕ್ ತುಳಿದೂ ತುಳಿಯದಂತೆಯೇ. ಆ ಹುಡುಗ ಸುಳ್ಳು ಹೇಳಿರಲಿಲ್ಲ.

ಬಕೆಟ್ ಒಂದೇ ಆದರೂ ಅದರೊಳಗಿನ ಭಾರ ಒಂದೇ ಅಲ್ಲ. ಅರ್ಧ ಘನ ಮೀಟರಿನ ಬಕೆಟ್ಟಿಗೆ ಭತ್ತದ ಹೊಟ್ಟು ತುಂಬಿದರೆ ಸುಮಾರು 50–60 ಕಿಲೋ. ಅದೇ ಬಕೆಟ್ಟಿಗೆ ಭತ್ತ ತುಂಬಿದರೆ 300 ಕಿಲೋ ಹತ್ತಿರ. ಹಸಿ ಕೆರೆಮಣ್ಣು ತುಂಬಿದರೆ 900 ಕಿಲೋ ಮುಟ್ಟುತ್ತದೆ. ರೈಸ್ ಮಿಲ್ಲಿನ ಅಂಗಳದಲ್ಲಿ ವರ್ಷಗಟ್ಟಲೆ ಹೊಟ್ಟು ಎತ್ತಿದ ಕೈ, ಅದೇ ಅಂದಾಜಿನಲ್ಲಿ ಕೆರೆಯಂಗಳಕ್ಕೆ ಹೋದರೆ ಏನಾಗುತ್ತದೆ? ಲಿವರ್ ಎಳೆದಾಗ ಹೈಡ್ರಾಲಿಕ್ ಎರಡನ್ನೂ ಎತ್ತುತ್ತದೆ. ಎತ್ತಿತು ಎಂದ ಮಾತ್ರಕ್ಕೆ ಟ್ರ್ಯಾಕ್ಟರ್ ಅದನ್ನು ಹೊರುತ್ತದೆ ಎಂದಲ್ಲ. ಹಸಿ ಮಣ್ಣಿಗೆ ಅರ್ಧ ಬಕೆಟ್ ಸಾಕು ಎಂದು ಮಾಲೀಕ ಬಾಯಿ ಬಿಟ್ಟು ಹೇಳಬೇಕು, ಆಮೇಲೆ ಟ್ರಿಪ್ ಕಡಿಮೆಯಾಯಿತೆಂದು ಮುಖ ಸಿಂಡರಿಸಬಾರದು. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಕಟ್ಟಿ, ಹುಷಾರಾಗಿ ಓಡಿಸು ಎಂದು ಬುದ್ಧಿ ಹೇಳುವುದು ಯಾವ ನ್ಯಾಯ? ನಾನು ಲೋಡರ್ ಕೆಲಸಕ್ಕೆ ದಿನಗೂಲಿಗೆ ಬದಲಾಯಿಸಿದ್ದೇನೆ. ಖರ್ಚು ಸ್ವಲ್ಪ ಹೆಚ್ಚಾಗಿದೆ, ರಾತ್ರಿ ನಿದ್ದೆ ಬರುತ್ತದೆ.

ಹಿಂದಿನ ಟೈರಿಗೆ ನೀರು ತುಂಬಿಸಿದ್ದೇನೆ, ಸಾಲದೇ ಎಂದು ಹಲವರು ಕೇಳುತ್ತಾರೆ. ಮುಕ್ಕಾಲು ಭಾಗ ನೀರು ತುಂಬಿಸುವುದು ಒಳ್ಳೆಯದೇ, ಹಿಡಿತ ಸಿಗುತ್ತದೆ. ಆದರೆ ಆ ಭಾರ ಕೂರುವುದು ಹಿಂದಿನ ಅಚ್ಚಿನ ಮೇಲೆಯೇ. ಮುಂದಿನ ಅಚ್ಚಿನ ಹೊರೆಯನ್ನು ಅದು ಇಳಿಸುವುದಿಲ್ಲ. ಹಿಂದಿನ ಲಿಫ್ಟಿಗೆ, ಅಂದರೆ ಅಚ್ಚಿಗಿಂತ ಹಿಂದಕ್ಕೆ ಕಟ್ಟಿದ ಭಾರ ಮಾತ್ರ ಎರಡೂ ಕೆಲಸ ಮಾಡುತ್ತದೆ: ಹಿಂದೆ ಒತ್ತುತ್ತದೆ, ಮುಂದೆ ಹಗುರ ಮಾಡುತ್ತದೆ. ಸ್ಟೀರಿಂಗ್ ಗಟ್ಟಿ, ಮುಂದಿನ ಬೇರಿಂಗ್ ಮೇಲಿಂದ ಮೇಲೆ ಹೋಗುತ್ತಿದೆ ಎಂದು ಮೆಕ್ಯಾನಿಕ್ ಬಳಿ ಓಡುವವರು ಮೊದಲು ಇದನ್ನು ನೋಡಿಕೊಳ್ಳಲಿ.

ಇನ್ನು ಬಕೆಟ್ಟಿನ ಎತ್ತರ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ಓಲಾಡುತ್ತದೆ. ಹಾಗಾಗಿ ನಾಲ್ಕು ಚಕ್ರ ಕಂಡರೂ ಅದು ನಿಂತಿರುವುದು ಮೂರು ಕಲ್ಲಿನ ಒಲೆಯ ಮೇಲಿನ ಗಡಿಗೆಯಂತೆ: ಹಿಂದೆ ಎರಡು, ಮುಂದೆ ಒಂದು. ಭಾರವನ್ನು ಮೇಲಕ್ಕೆ ಎತ್ತಿದಷ್ಟೂ ಗಡಿಗೆ ವಾಲುವುದು ಸುಲಭ. ಒಂದು ಬದಿಯ ಚಕ್ರ ಬದುವಿನ ಮೇಲೆ ಹತ್ತಿದರೆ, ಇಲ್ಲವೇ ಎರೆಮಣ್ಣಿನ ಬಿರುಕಿನಲ್ಲಿ ಇಳಿದರೆ ಸಾಕು. ಓಡುವಾಗ ಬಕೆಟ್ ಮೊಣಕಾಲಿಗಿಂತ ಕೆಳಗಿರಬೇಕು. ಟ್ರಾಲಿಯ ಪಕ್ಕ ನಿಂತ ಮೇಲೆಯೇ ಎತ್ತಬೇಕು, ಸುರಿದ ಕೂಡಲೇ ಇಳಿಸಬೇಕು. ತುಂಬಿದ ಬಕೆಟ್ಟಿನೊಂದಿಗೆ ಏರಿ ಹತ್ತುವಾಗ ಮುಖ ಮೇಲಕ್ಕೆ, ಇಳಿಯುವಾಗ ರಿವರ್ಸ್. ಭಾರದ ತುದಿ ಯಾವಾಗಲೂ ದಿಬ್ಬದ ಕಡೆಗೇ ಇರಬೇಕು. ನಮ್ಮ ಹುಡುಗ ಅಂದು ತಲೆಕೆಳಗಾಗಿ ಮಾಡಿದ್ದ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏರಿಯ ಅಂಚಿನಲ್ಲಿ ಓಡಿಸಲೇಬೇಕಾದರೆ ಕಾಲುವೆ ಎಷ್ಟು ಆಳವಿದೆಯೋ ಅಂಚಿನಿಂದ ಕನಿಷ್ಠ ಅಷ್ಟು ದೂರವಿರಲಿ. ನೀರು ಕುಡಿದ ಎರೆಮಣ್ಣಿನ ದಂಡೆ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಬೆಣ್ಣೆ. ಎಡಬಲ ಚಕ್ರಗಳ ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿಯನ್ನು ಲೋಡರ್ ಇರುವಾಗ ಬಿಚ್ಚಲೇಬಾರದು. ಬಕೆಟ್ ಮೇಲಿದ್ದು ಒಂದೇ ಬದಿಯ ಬ್ರೇಕ್ ಹಿಡಿದರೆ ಮುಗಿಯಿತು.

ಸ್ವೀಡನ್ ದೇಶದಲ್ಲಿ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಮಗುಚಿದಾಗ ಚಾಲಕನನ್ನು ಉಳಿಸುವ ಉಕ್ಕಿನ ಕಮಾನು ಕಡ್ಡಾಯವಾಯಿತು. ಟ್ರ್ಯಾಕ್ಟರ್ ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಕ್ರಮೇಣ ತೀರಾ ಕಡಿಮೆಯಾಯಿತು. ನಮ್ಮೂರಿನ ಟ್ರ್ಯಾಕ್ಟರುಗಳ ಮೇಲೆ ಇರುವುದು ಬಿಸಿಲಿಗೆಂದು ಹಾಕಿಸಿದ ತಗಡಿನ ಛಾವಣಿ. ಅದು ನೆರಳು ಕೊಡುತ್ತದೆ, ಅಷ್ಟೇ. ಕಮಾನು ಇದ್ದವರು ಬೆಲ್ಟ್ ಕಟ್ಟಿಕೊಳ್ಳಲೇಬೇಕು, ಕಮಾನು ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಕಟ್ಟಬಾರದು. ಇವೆರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಸುಗ್ಗಿಯಲ್ಲಿ ನನಗೆ ಅತಿ ಹೆಚ್ಚು ಭಯವಾಗುವುದು ಭತ್ತ ಒಣಗಿಸುವ ಜಾಗದಲ್ಲಿ. ಲೋಡರ್ ಮುಂದೆ ಭತ್ತ ಬಳಿದುಕೊಂಡು ಹಿಂದಕ್ಕೆ ಬರುತ್ತದೆ, ಉಳಿದ ಕಾಳನ್ನು ಗುಡಿಸುತ್ತಾ ಹೆಣ್ಣುಮಕ್ಕಳು ಅದರ ಬೆನ್ನ ಹಿಂದೆಯೇ ಬಗ್ಗಿರುತ್ತಾರೆ. ಧೂಳಿಗೆಂದು ತಲೆಗೆ ಬಿಗಿಯಾಗಿ ಸುತ್ತಿದ ಟವೆಲ್ಲಿನಿಂದ ಅವರಿಗೆ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಕೂಸುಗಳು ರಾಶಿಯ ಪಕ್ಕದಲ್ಲೇ ಆಡುತ್ತಿರುತ್ತವೆ. ನಮ್ಮ ಕಣದಲ್ಲಿ ಈಗ ಒಂದು ಕಟ್ಟು ಮಾಡಿದ್ದೇವೆ. ಲೋಡರ್ ಓಡುವಾಗ ಯಾರೂ ಗುಡಿಸುವುದಿಲ್ಲ, ಗುಡಿಸುವಾಗ ಲೋಡರ್ ನಿಂತಿರುತ್ತದೆ, ಬಕೆಟ್ ನೆಲದ ಮೇಲೆ, ಕೀಲಿ ಡ್ರೈವರನ ಜೇಬಿನಲ್ಲಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. “ಈಗ ಹಿಂದೆ ತಿರುಗಿ ನೋಡದೆ ಗುಡಿಸಬಹುದು” ಎಂದು ಕೆಲಸಕ್ಕೆ ಬರುವ ಅವ್ವ ಒಬ್ಬರು ಹೇಳಿದಾಗ, ಇಷ್ಟು ವರ್ಷ ಅವರು ಜೀವ ಹಿಡಿದುಕೊಂಡು ಗುಡಿಸುತ್ತಿದ್ದರಲ್ಲ ಎಂದು ಸಂಕಟವಾಯಿತು.

ತಲೆಯ ಮೇಲೂ ನೋಡಬೇಕು. ಹೊಲಗಳ ನಡುವೆ ಹಾದುಹೋದ 11 ಕೆವಿ ವಿದ್ಯುತ್ ತಂತಿಗಳು ಬೇಸಿಗೆಯ ಕಾವಿಗೆ ಇನ್ನಷ್ಟು ಜೋತುಬೀಳುತ್ತವೆ. ಅದರ ಕೆಳಗೇ ತಿಪ್ಪೆ, ಅದರ ಕೆಳಗೇ ಹುಲ್ಲಿನ ಬಣವೆ. ಎತ್ತಿದ ಬಕೆಟ್ ತಂತಿಗೆ ತಾಗಿದರೆ ಡ್ರೈವರ್ ಸೀಟು ಬಿಟ್ಟು ಇಳಿಯಬಾರದು, ಬೇರೆಯವರು ಹತ್ತಿರ ಹೋಗಬಾರದು, ಲೈನ್ ಬಂದ್ ಮಾಡಿಸಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಬೇಕು, ಟ್ರ್ಯಾಕ್ಟರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು, ಆಮೇಲೆ ಪಾದ ಎತ್ತದೆ ಸರಿಯುತ್ತಾ ದೂರ ಹೋಗಬೇಕು. ತಿಪ್ಪೆಯ ಜಾಗ ಬದಲಿಸುವುದು ಇದೆಲ್ಲಕ್ಕಿಂತ ಸುಲಭ.

ಹೈಡ್ರಾಲಿಕ್ ಪೈಪ್ ಸೋರುತ್ತಿದೆಯೇ ಎಂದು ಬೆರಳಿನಿಂದ ಸವರಿ ನೋಡುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ನನಗೂ ಇತ್ತು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ನುಗ್ಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಬೆರಳು ಕೊಳೆಯುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮುಲಾಮು ಹಚ್ಚಿ ಕೂರುವ ಗಾಯವಲ್ಲ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ನೋಡಿ.

ಮನುಷ್ಯರನ್ನು ಬಕೆಟ್ಟಿನಲ್ಲಿ ನಿಲ್ಲಿಸುವುದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ನಾಯಕರ ಮೆರವಣಿಗೆಯಲ್ಲಿ ಜೆಸಿಬಿ ಬಕೆಟ್ಟಿನಲ್ಲಿ ನಿಂತು ಹೂ ಸುರಿಸುವುದನ್ನು ನೋಡಿ ನೋಡಿ, ಊರ ಜಾತ್ರೆಯಲ್ಲಿ ತೋರಣ ಕಟ್ಟಲೂ ಹುಣಸೆಕಾಯಿ ಬಡಿಯಲೂ ಹುಡುಗರು ಲೋಡರ್ ಬಕೆಟ್ ಹತ್ತುತ್ತಿದ್ದಾರೆ. ಒಂದು ಪೈಪ್ ಒಡೆದರೆ, ಒಂದು ಲಿವರಿಗೆ ಮೊಣಕೈ ತಾಗಿದರೆ, ಮೇಲಿದ್ದವನಿಗೆ ಹಿಡಿಯಲು ಏನಿದೆ? ಕಳೆದ ತಿಂಗಳು ನಮ್ಮ ದೇವಸ್ಥಾನದ ಕೆಲಸಕ್ಕೆ ಕೇಳಲು ಬಂದಾಗ ನಾನು ಲೋಡರ್ ಕೊಡಲಿಲ್ಲ. ದೇವರ ಕೆಲಸಕ್ಕೆ ಇಲ್ಲ ಎಂದೆಯಲ್ಲ ಎಂದು ಹಿರಿಯರೊಬ್ಬರು ನೊಂದುಕೊಂಡರು. “ಕಾಕಾ, ಏಣಿ ಕೊಡುತ್ತೇನೆ, ನಾನೇ ಬಂದು ಹಿಡಿದು ನಿಲ್ಲುತ್ತೇನೆ” ಎಂದೆ. ಹಾಗೆಯೇ ಮಾಡಿದೆ.

ರೋಟಾವೇಟರ್ ಅನ್ನು ಪದೇಪದೇ ಕಟ್ಟಿ ಬಿಚ್ಚುವ ರಗಳೆ ಬೇಡವೆಂದು ಈಗ ಕಾಂಕ್ರೀಟಿನ ದಿಮ್ಮಿ ಮಾಡಿಸಿದ್ದೇನೆ. ಉದ್ದ, ಅಗಲ, ಎತ್ತರ ಎಲ್ಲವೂ ಎರಡು ಅಡಿ. ತೂಕ ಸುಮಾರು 540 ಕಿಲೋ. ಒಳಗೆ ಕಬ್ಬಿಣದ ಸರಳು, ಲಿಫ್ಟಿನ ಮೂರು ಕೊಂಡಿಗೆ ಹೊಂದುವ ಪಿನ್ನುಗಳನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಕೂಡಿಸಿದ್ದು. ನಿಮ್ಮ ಟ್ರ್ಯಾಕ್ಟರಿನ ಲಿಫ್ಟ್ ಎಷ್ಟು ತಡೆಯುತ್ತದೆ, ಲೋಡರಿಗೆ ಹಿಂದೆ ಎಷ್ಟು ಭಾರ ಬೇಕು ಎಂದು ಅದರ ಪುಸ್ತಕದಲ್ಲಿ ನೋಡಿಕೊಂಡು ಅಳತೆ ಬದಲಿಸಿ. ಕಾಂಕ್ರೀಟ್ ಸುರಿದ ಹಲಗೆಯ ಅಚ್ಚು ನಮ್ಮ ಕೊಟ್ಟಿಗೆಯಲ್ಲಿ ಹಾಗೆಯೇ ಇದೆ. ಈಗಾಗಲೇ ಇಬ್ಬರು ಒಯ್ದು ಮಾಡಿಸಿಕೊಂಡು ವಾಪಸ್ ಕೊಟ್ಟಿದ್ದಾರೆ. ಬೇಕಾದವರು ಬಂದು ಒಯ್ಯಬಹುದು. ಬರುವಾಗ ಡ್ರೈವರನನ್ನೂ ಕರೆದುಕೊಂಡು ಬನ್ನಿ, ನಮ್ಮ ಹುಡುಗ ಆ ಇಳಿಜಾರಿನಲ್ಲಿ ರಿವರ್ಸ್ ಇಳಿಯುವುದನ್ನು ತೋರಿಸುತ್ತಾನೆ.