ಸಸ್ಪೆಂಡ್ ಅಂದ್ರೆ ಪೂರ್ತಿ ಸಂಬಳದ ರಜೆನಾ?

‘ಪೊಲೀಸರು ತಪ್ಪು ಮಾಡಿದ್ರೆ ಸಸ್ಪೆಂಡ್ ಅನ್ನೋ ನಾಟಕ, ಮನೇಲಿ ಕೂತು ಪೂರ್ತಿ ಸಂಬಳ’ ಅನ್ನೋ ಮೆಸೇಜ್ ನಿಮಗೂ ಬಂದಿರುತ್ತದೆ. ಹಂಚುವವರ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ, ಆದರೆ ವಿಷಯ ತಪ್ಪು.

ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವ ಮುಂಚಿನ ಕ್ರಮ ಅದು. ಆ ಅವಧಿಯಲ್ಲಿ ಸಿಗುವುದು ಜೀವನಾಧಾರ ಭತ್ಯೆ, ಶುರುವಿನಲ್ಲಿ ಹೆಚ್ಚು ಕಡಿಮೆ ಅರ್ಧ ಸಂಬಳದಷ್ಟು. ಅನುಮತಿ ಇಲ್ಲದೆ ಕೇಂದ್ರಸ್ಥಾನ, ಅಂದರೆ ಇರಬೇಕೆಂದು ಗೊತ್ತುಮಾಡಿದ ಊರು, ಬಿಟ್ಟು ಹೋಗುವಂತೆಯೂ ಇಲ್ಲ.

ಹಾಗಾದರೆ ನೇರವಾಗಿ ವಜಾ ಯಾಕೆ ಮಾಡಲ್ಲ? ಸಂವಿಧಾನದ 311ನೇ ವಿಧಿ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಆರೋಪ ತಿಳಿಸಿ ವಿಚಾರಣೆ ಮಾಡದೆ ಸರ್ಕಾರಿ ನೌಕರರನ್ನು ವಜಾ ಮಾಡುವಂತಿಲ್ಲ, ಇದು ಪೊಲೀಸರಿಗಷ್ಟೇ ಅಲ್ಲ, ಗುಮಾಸ್ತರಿಗೂ ಅನ್ವಯ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಜನರ ನಂಬಿಕೆ ಕುಸಿಯುತ್ತದೆ ಅನ್ನೋದು ನಿಜವೇ, ಬೇಜಾರಾಗಬೇಕಾದ್ದು ಅಲ್ಲಿ.

ಪರೀಕ್ಷಿಸೋದು ಕಷ್ಟವಲ್ಲ. ಆದೇಶದ ಪ್ರತಿ ಸಿಕ್ಕರೆ ‘ಇಲಾಖಾ ವಿಚಾರಣೆ ಕಾಯ್ದಿರಿಸಿ’ ಅನ್ನೋ ಸಾಲು ಇದೆಯಾ ನೋಡಿ, ಇಲಾಖೆಯ ವಿಚಾರಣೆ ಇನ್ನೂ ಬಾಕಿ ಇದೆ ಅಂತ ಅದರರ್ಥ. ಕ್ರಿಮಿನಲ್ ಕೇಸ್ ಆಗಿದ್ದರೆ, ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿ ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಹುಡುಕಿ, ಕೋರ್ಟಿಗೆ ಬಂದಿದ್ದರೆ ಮುಂದಿನ ದಿನಾಂಕವೂ ಸಿಗುತ್ತದೆ. ಮೆಸೇಜ್‌ನಲ್ಲಿ ಠಾಣೆ, ದಿನಾಂಕ ಎರಡೂ ಇಲ್ಲದಿದ್ದರೆ ಹುಡುಕೋಕೆ ಏನೂ ಉಳಿಯಲ್ಲ, ಅಲ್ವಾ?